ಹಲ್ಲಿನ ಜ್ವರ ಮತ್ತು ಅಜ್ಜಿಯ ತಮ್ಮ

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಮೂಡಿಗೆರೆಯಿಂದ ಒಂದಷ್ಟು ದೂರ, ಬಸ್ಸಿಳಿದು ಕಾಫಿ ತೋಟದ ನಡುವೆ ಎರಡು ಕಿಲೋಮೀಟರ್ ನಡೆದರೆ ಸಿಗೋ ಹಂಚಿನ ಮನೆ. ಬಾಣಂತನಕ್ಕೆ ಬಂದ ಅಕ್ಕ ಇನ್ನೂ ಅಲ್ಲೇ ಇದ್ದಾಳೆ. ಅವಳ ಮಗನಿಗೆ ಈಗ ಏಳು ತಿಂಗಳು. ನಾನು ಹೋದ ದಿನವೇ ಅವನಿಗೆ ಜ್ವರ. ಎರಡು ದಿನದಿಂದ ಜೊಲ್ಲು ಸುರಿಸ್ತಾ, ಸಿಕ್ಕಿದ್ದನ್ನೆಲ್ಲ ಕಚ್ತಾ ಇದ್ದನಂತೆ. ಕೆಳಗಿನ ಒಸಡಿನಲ್ಲಿ ಬಿಳೀ ಗೆರೆಯೂ ಕಾಣಿಸ್ತಿತ್ತು. ಅಜ್ಜಿ ಒಂದೇ ಮಾತಲ್ಲಿ ತೀರ್ಪು ಕೊಟ್ಟುಬಿಟ್ಟರು: "ಹಲ್ಲಿನ ಜ್ವರ ಕಣೋ. ಹಲ್ಲು ಬಂದ ಮೇಲೆ ತಾನೇ ಇಳಿಯುತ್ತೆ."

ಅಮ್ಮನೂ ಹೂಂ ಅಂದರು. ಅಕ್ಕನಿಗೆ ಮಾತ್ರ ಸಮಾಧಾನ ಇರಲಿಲ್ಲ. ಥರ್ಮಾಮೀಟರ್ ಇಟ್ಟು ನೋಡಿದರೆ 102 ಡಿಗ್ರಿ! ತಕ್ಷಣ ಮಗುವನ್ನು ಎತ್ತಿಕೊಂಡು ಮೂಡಿಗೆರೆಗೆ ಹೊರಟೆವು. ಡಾಕ್ಟರು ಬಾಯಿ ನೋಡಿ, "ಹಲ್ಲು ಬರ್ತಿರೋದು ನಿಜ" ಅಂದರು. ಆಮೇಲೆ, "ಆದರೆ ಈ ಜ್ವರ ಹಲ್ಲಿಂದಲ್ಲ" ಅಂತ ಮೂತ್ರ ಪರೀಕ್ಷೆಗೆ ಬರೆದುಕೊಟ್ಟರು. ಮೂತ್ರದ ಸೋಂಕು. ಔಷಧಿ ಶುರುವಾಗಿ ಎರಡು ದಿನಕ್ಕೆ ಜ್ವರ ಬಿಟ್ಟಿತು. ಹಲ್ಲು ಬಂದದ್ದು ಅದಾಗಿ ಒಂದು ವಾರಕ್ಕೆ.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನ ಬರೀತಿರಲಿಲ್ಲ. ಆಸ್ಪತ್ರೆಯಿಂದ ಬಂದ ರಾತ್ರಿ ಅಜ್ಜಿ ಒಲೆ ಮುಂದೆ ಕೂತು, ಯಾರಿಗೂ ಹೇಳದ ಹಾಗೆ, "ನನ್ನ ತಮ್ಮನೂ ಹಿಂಗೇ ಹಲ್ಲು ಬರೋವಾಗ ಹೋಗಿದ್ದು" ಅಂದರು. ಅಜ್ಜಿಗೆ ಅಂಥ ಒಬ್ಬ ತಮ್ಮ ಇದ್ದ ಅಂತ ನನಗೆ ಗೊತ್ತೇ ಇರಲಿಲ್ಲ. ಅಜ್ಜಿಗೆ ಆಗ ಎಂಟೊಂಬತ್ತು ವರ್ಷ. ಅಂದರೆ 1947ರ ಆಸುಪಾಸು. ಮಗುವಿಗೆ ಎಂಟು ತಿಂಗಳು. ಒಂದೇ ಒಂದು ಹಲ್ಲು ಬಂದಿತ್ತಂತೆ, ಅಕ್ಕಿಕಾಳಿನಷ್ಟು. ಜ್ವರ, ವಾಂತಿ, ಬೇಧಿ. ನಾಲ್ಕನೇ ದಿನ ಕಣ್ಣು ಮೇಲೆ ಮಾಡಿ ಕೈಕಾಲು ಸೆಳೆಯಿತಂತೆ. ಐದನೇ ದಿನ ಇಲ್ಲ. "ಹಲ್ಲಿನ ಜ್ವರ ಅಂತ ಎಲ್ರೂ ಹೇಳಿದ್ರು, ನಾವೂ ಹಂಗೇ ಅಂದ್ಕೊಂಡ್ವಿ."

ನಾನು ಕೆಲಸದಲ್ಲಿ ದಿನಾ ಬಗ್ ಹುಡುಕೋನು. ಎಂಬತ್ತು ವರ್ಷ ಹಳೆಯ ಈ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಹಲ್ಲು ಬರೋದರಿಂದ ಮಗು ಸಾಯುತ್ತಾ? ಇಲ್ಲ ಅಂದರೆ, ಸಾಯುತ್ತೆ ಅಂತ ಜನ ಯಾಕೆ ನಂಬಿದರು? ಹುಡುಕ್ತಾ ಹೋದರೆ ಇದು ನಮ್ಮ ಅಜ್ಜಿಯೊಬ್ಬರ ನಂಬಿಕೆ ಅಲ್ಲ, ಹೆಚ್ಚುಕಡಿಮೆ ಇಡೀ ಪ್ರಪಂಚದ್ದು ಅಂತ ಗೊತ್ತಾಯ್ತು.

ಮೊದಲು ನಮ್ಮ ಶಾಸ್ತ್ರದವರನ್ನೇ ನೋಡೋಣ. ಮಕ್ಕಳ ಚಿಕಿತ್ಸೆಗೇ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ಹಲ್ಲು ಹುಟ್ಟುವುದರ ಮೇಲೆ ಒಂದು ಅಧ್ಯಾಯವೇ ಇದೆ, ದಂತಜನ್ಮಿಕ ಅಂತ. ನಾಲ್ಕನೇ ತಿಂಗಳಲ್ಲಿ ಬಂದ ಹಲ್ಲು ದುರ್ಬಲ, ಬೇಗ ಬೀಳುತ್ತೆ. ಎಂಟನೇ ತಿಂಗಳಲ್ಲಿ ಬಂದದ್ದು ಉತ್ತಮ ಅಂತೆಲ್ಲ ತಿಂಗಳ ಪ್ರಕಾರ ವಿಂಗಡಣೆ ಮಾಡಿದ್ದಾರೆ. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ, ಹಲ್ಲು ಹುಟ್ಟುವುದೇ ಮಕ್ಕಳ ಎಲ್ಲ ರೋಗಗಳಿಗೂ ಕಾರಣ ಅನ್ನೋ ಅರ್ಥದ ಮಾತಿದೆ. ಜ್ವರ, ಬೇಧಿ, ಕೆಮ್ಮು, ವಾಂತಿ ಎಲ್ಲವೂ ಆ ಪಟ್ಟಿಯಲ್ಲಿವೆ. ಆದರೆ ಅದೇ ವಾಗ್ಭಟ ಇನ್ನೊಂದು ಮಾತನ್ನೂ ಸೇರಿಸ್ತಾನೆ: ಈ ತೊಂದರೆಗಳಿಗೆ ಮಗುವನ್ನು ಔಷಧಿ, ಪಥ್ಯ ಅಂತ ಹೆಚ್ಚು ಗೋಳುಹೊಯ್ಯಬೇಡಿ, ಹಲ್ಲು ಬಂದ ಮೇಲೆ ತಾವಾಗೇ ಶಮನವಾಗ್ತವೆ ಅಂತ. ಅಜ್ಜಿ ಹೇಳಿದ್ದು ಹೆಚ್ಚುಕಡಿಮೆ ಇದೇ ಮಾತು! ಪುಸ್ತಕದ ಹೆಸರು ಗೊತ್ತಿಲ್ಲದಿದ್ದರೂ ಮಾತು ಮಾತ್ರ ಸಾವಿರಕ್ಕೂ ಹೆಚ್ಚು ವರ್ಷ ಬಾಯಿಂದ ಬಾಯಿಗೆ ಬಂದಿದೆ.

ಯುರೋಪಿನವರು ಇಷ್ಟು ಮೃದುವಾಗಿ ಇರಲಿಲ್ಲ. 16ನೇ ಶತಮಾನದ ಫ್ರಾನ್ಸಿನ ಹೆಸರಾಂತ ಶಸ್ತ್ರವೈದ್ಯ ಆಂಬ್ರೋಸ್ ಪಾರೆ ದೊಡ್ಡ ಮನೆತನದ ಎಂಟು ತಿಂಗಳ ಮಗುವೊಂದು ಸತ್ತಾಗ ಕಾರಣ ತಿಳಿಯದೆ ಶವ ಪರೀಕ್ಷೆ ಮಾಡಿದ. ಏನೂ ಸಿಗಲಿಲ್ಲ. ಕೊನೆಗೆ ಒಸಡು ಕೊಯ್ದು ನೋಡಿದರೆ ಒಳಗೆ ಹಲ್ಲುಗಳು ಹೊರಬರೋಕೆ ರೆಡಿಯಾಗಿ ನಿಂತಿದ್ದವು. ಮೊದಲೇ ಒಸಡು ಕೊಯ್ದಿದ್ದರೆ ಮಗು ಬದುಕ್ತಿತ್ತು ಅಂತ ತೀರ್ಮಾನ ಮಾಡಿಬಿಟ್ಟ. ತಪ್ಪು ಎಲ್ಲಿದೆ ಅಂತ ಕಾಣಿಸ್ತಾ? ಎಂಟು ತಿಂಗಳ ಯಾವ ಮಗುವಿನ ಒಸಡು ಕೊಯ್ದರೂ ಒಳಗೆ ಹಲ್ಲು ಇದ್ದೇ ಇರುತ್ತೆ. ಆರೋಗ್ಯವಾಗಿರೋ ಮಗುವಿನಲ್ಲೂ! ಸತ್ತ ಮಗುವಿನಲ್ಲಿ ಕಂಡದ್ದನ್ನು ಬದುಕಿರೋ ಮಗುವಿನ ಜೊತೆ ಹೋಲಿಸಿ ನೋಡಬೇಕು ಅಂತ ಅವನಿಗೆ ಹೊಳೆಯಲಿಲ್ಲ. ಇದಾದ ಮೇಲೆ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿನ ವೈದ್ಯರು ಜ್ವರ ಬಂದ ಮಕ್ಕಳ ಒಸಡನ್ನು ಚಾಕುವಿನಿಂದ ಸೀಳ್ತಾನೇ ಇದ್ದರು.

ಇನ್ನು ಲಂಡನ್ನಿನಲ್ಲಿ ಸತ್ತವರ ಲೆಕ್ಕ ಬರೆಯೋ ಪಟ್ಟಿಗಳು ಇದ್ದವು. 17ನೇ ಶತಮಾನದ ಆ ಪಟ್ಟಿಗಳಲ್ಲಿ ಪ್ಲೇಗು, ಸಿಡುಬಿನ ಜೊತೆಗೆ "ಹಲ್ಲು ಮತ್ತು ಹುಳ" ಅಂತ ಒಂದು ಪ್ರತ್ಯೇಕ ಕಾಲಂ. ಅಷ್ಟು ಹಿಂದೆ ಯಾಕೆ, 1842ರಲ್ಲೂ ಲಂಡನ್ನಿನಲ್ಲಿ ಒಂದು ವರ್ಷದೊಳಗೆ ಸತ್ತ ಮಕ್ಕಳಲ್ಲಿ ಶೇಕಡಾ 4.8ರಷ್ಟು ಸಾವಿಗೆ ಕಾರಣ ಅಂತ ಸರ್ಕಾರಿ ದಾಖಲೆಯಲ್ಲಿ ಬರೆದದ್ದು ಹಲ್ಲು ಬರುವಿಕೆ. ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಅದು ಶೇಕಡಾ 7.3. ಒಂದು ಸಲ ಫಾರಂನಲ್ಲಿ ಕಾಲಂ ಅಂತ ಆದರೆ ಅದನ್ನ ತುಂಬೋಕೆ ಜನ ಸಿಕ್ಕೇ ಸಿಗ್ತಾರೆ. ನಮ್ಮ ಆಫೀಸಿನಲ್ಲೂ ಬಗ್‌ಗೆ ಕಾರಣ ಗೊತ್ತಾಗದಿದ್ದರೆ "ನೆಟ್‌ವರ್ಕ್ ತೊಂದರೆ" ಅಂತ ಹಾಕಿ ಮುಚ್ಚಿಬಿಡ್ತಾರಲ್ಲ, ಹಾಗೆ :)

ನಗು ಬರೋ ವಿಷಯ ಇಲ್ಲಿಗೆ ಮುಗೀತು. ಹಲ್ಲನ್ನು ರೋಗ ಅಂತ ಕರೆದ ಮೇಲೆ ಅದಕ್ಕೆ ಔಷಧಿಯೂ ಬರಬೇಕಲ್ಲ. ಅಮೆರಿಕದಲ್ಲಿ 1849ರಿಂದ ಮಾರಾಟವಾದ ಮಿಸೆಸ್ ವಿನ್‌ಸ್ಲೋಸ್ ಸೂದಿಂಗ್ ಸಿರಪ್‌ನಲ್ಲಿ ಮಾರ್ಫೀನ್ ಇತ್ತು. ಮಗು ಅಳು ನಿಲ್ಲಿಸ್ತಿತ್ತು. ಕೆಲವು ಮತ್ತೆ ಏಳಲೇ ಇಲ್ಲ. ಇಂಗ್ಲೆಂಡಿನಲ್ಲಿ ಹಲ್ಲು ಬರೋ ಮಕ್ಕಳಿಗೆ ಅಂತಲೇ ಮಾರ್ತಿದ್ದ ಪುಡಿಗಳಲ್ಲಿ ಕ್ಯಾಲೊಮೆಲ್ ಇರ್ತಿತ್ತು, ಅಂದರೆ ಪಾದರಸದ ಲವಣ. ಅದನ್ನು ತಿಂದ ಕೆಲವು ಮಕ್ಕಳಿಗೆ ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ, ಚರ್ಮ ಸುಲಿದು, ರಾತ್ರಿಯಿಡೀ ನರಳುವ ಕಾಯಿಲೆ ಬರ್ತಿತ್ತು. ಅದಕ್ಕೆ ಪಿಂಕ್ ಡಿಸೀಸ್ ಅಂತಲೇ ಹೆಸರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1939ರಿಂದ 1948ರೊಳಗೆ ಇದರಿಂದ 585 ಸಾವು. ತಮಾಷೆ ಅಂದರೆ ಈ ಕಾಯಿಲೆಯನ್ನೂ ಕೆಲವರು ಹಲ್ಲಿನ ತೊಂದರೆ ಅಂತಲೇ ತಿಳಿದು ಇನ್ನಷ್ಟು ಪುಡಿ ಕೊಡ್ತಿದ್ದರು. ಅಮೆರಿಕದ ಸಿನ್ಸಿನಾಟಿಯ ಜೋಸೆಫ್ ವಾರ್ಕನಿ ಮತ್ತು ಸಂಗಡಿಗರು 1940ರ ದಶಕದಲ್ಲಿ ಇಂಥ ಮಕ್ಕಳ ಮೂತ್ರದಲ್ಲಿ ಪಾದರಸ ಪತ್ತೆ ಮಾಡಿದರು. 1950ರ ದಶಕದ ಮಧ್ಯದಲ್ಲಿ ಪುಡಿಗಳಿಂದ ಕ್ಯಾಲೊಮೆಲ್ ತೆಗೆದರು, ಕಾಯಿಲೆಯೂ ಮಾಯವಾಯ್ತು.

ನಮ್ಮ ಕಡೆ ಅಷ್ಟು ಭಯಂಕರ ಇರಲಿಲ್ಲ. ಅಜ್ಜಿ ಮನೆಯಲ್ಲಿ ಬಜೆ ತೇದು ನೆಕ್ಕಿಸ್ತಿದ್ದರು. ಬಜೆ ಚೂರನ್ನು ಕೈಗೆ ಕಟ್ಟುತ್ತಿದ್ದರು. ದೃಷ್ಟಿ ತೆಗೀತಿದ್ದರು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗಿಬರೋಲ್ಲ ಅಂತ ಬೇರೆ ಒಂದು ಹೆದರಿಕೆ. (ನಮ್ಮವನಿಗೆ ಕೆಳಗಿನದ್ದೇ ಮೊದಲು ಬಂತು, ನಾನು ಬಚಾವ್.) ಹಾಗೇ ಅಜ್ಜಿಗೆ ಚೆನ್ನಾಗಿ ನೆನಪಿರೋದು ಗ್ರೈಪ್ ವಾಟರ್ ಬಾಟ್ಲಿ. ಅದರ ಮೇಲೆ ಹಾವು ಹಿಡಿದ ಮಗುವಿನ ಚಿತ್ರ ಇದೆಯಲ್ಲ, ಅದು ಕೃಷ್ಣ ಅಂತಲೇ ಅಜ್ಜಿ ಇವತ್ತಿಗೂ ನಂಬಿದ್ದಾರೆ. ಅದು ಗ್ರೀಕರ ಹರ್ಕ್ಯುಲಿಸ್ ಅಂತ ಹೇಳೋಕೆ ನನಗೆ ಮನಸ್ಸಾಗಲಿಲ್ಲ.

ಈ ಬಾಟ್ಲಿಯ ಇತಿಹಾಸ ಓದಿದಾಗಲೇ ನನಗೆ ಅಜ್ಜಿಯ ತಮ್ಮನ ವಿಷಯದಲ್ಲಿ ಮೊದಲ ಸುಳಿವು ಸಿಕ್ಕಿದ್ದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವಿಲಿಯಂ ವುಡ್‌ವರ್ಡ್ ಅನ್ನೋ ಔಷಧಿ ವ್ಯಾಪಾರಿ 1851ರಲ್ಲಿ ಇದನ್ನ ತಯಾರಿಸಿದ. ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ, ನೀರು, ಜೊತೆಗೆ ಶೇಕಡಾ 3.6ರಷ್ಟು ಆಲ್ಕೋಹಾಲ್. (ಬ್ರಿಟನ್ನಿನಲ್ಲಿ ಆಲ್ಕೋಹಾಲ್ ತೆಗೆದದ್ದು 1992ರಲ್ಲಿ.) ಇದರ ಯೋಚನೆ ಅವನಿಗೆ ಬಂದದ್ದು ಎಲ್ಲಿಂದ ಅಂದರೆ, 1840ರ ದಶಕದಲ್ಲಿ ಪೂರ್ವ ಇಂಗ್ಲೆಂಡಿನ ಜೌಗು ಪ್ರದೇಶದಲ್ಲಿ ಹರಡಿದ್ದ ಒಂದು ಜ್ವರಕ್ಕೆ ಕೊಡ್ತಿದ್ದ ಔಷಧಿಯಿಂದ. ಆ ಜ್ವರ ಯಾವುದು ಅಂದ್ಕೊಂಡ್ರಿ? ಮಲೇರಿಯಾ! ಅಂದರೆ ಇಂಗ್ಲೆಂಡಿನ ಮಲೇರಿಯಾ ಸೀಮೆಯಲ್ಲಿ ಹುಟ್ಟಿದ ಔಷಧಿ ಸುತ್ತಿ ಸುಳಿದು ನಮ್ಮ ಮಲೇರಿಯಾ ಸೀಮೆಗೆ ಬಂತು, ಹಲ್ಲಿನ ಔಷಧಿ ಆಗಿ.

ಹೌದು, ನಮ್ಮದು ಮಲೇರಿಯಾ ಸೀಮೆಯೇ. ಇವತ್ತು ಚಿಕ್ಕಮಗಳೂರು ಅಂದರೆ ಹೋಂಸ್ಟೇ, ಮುಳ್ಳಯ್ಯನಗಿರಿ, ಫಿಲ್ಟರ್ ಕಾಫಿ. ಒಂದು ಕಾಲದಲ್ಲಿ ಮಲೆನಾಡಿಗೆ ವರ್ಗ ಆಯ್ತು ಅಂದರೆ ಬಯಲುಸೀಮೆಯ ಗುಮಾಸ್ತರು ಅಳ್ತಿದ್ದರಂತೆ. ಕಾಫಿ, ಏಲಕ್ಕಿ, ಅಡಿಕೆ ತೋಟಗಳ ನಡುವೆ ನೆರಳಲ್ಲಿ ಮೆಲ್ಲಗೆ ಹರಿಯೋ ತೊರೆಗಳು, ಗದ್ದೆ ಕಾಲುವೆಗಳು. ಅನಾಫಿಲಿಸ್ ಫ್ಲೂವಿಯಾಟಿಲಿಸ್ ಅನ್ನೋ ಸೊಳ್ಳೆ ಮೊಟ್ಟೆಯಿಡೋದು ಇಂಥ ಹರಿಯೋ ನೀರಿನಲ್ಲೇ. ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ ತೋಟದ ಕೆಲಸಕ್ಕೆ ಬಂದು ಲೈನ್ ಮನೆಗಳಲ್ಲಿ ಒತ್ತೊತ್ತಾಗಿ ಮಲಗ್ತಿದ್ದವರು ಅದಕ್ಕೆ ಸುಲಭದ ತುತ್ತು. 1930ರ ದಶಕದಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಮಲೇರಿಯಾ ಅಧ್ಯಯನ ನಡೆಸಿದ ಊರುಗಳಲ್ಲಿ ನಮ್ಮ ಮೂಡಿಗೆರೆಯೂ ಒಂದು.

ಒಂದು ಊರಿನಲ್ಲಿ ಮಲೇರಿಯಾ ಎಷ್ಟಿದೆ ಅಂತ ಆಗ ತಿಳೀತಿದ್ದದ್ದು ಹೇಗೆ ಗೊತ್ತಾ? ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೊಟ್ಟೆಯ ಎಡಭಾಗ ಮುಟ್ಟಿ ನೋಡ್ತಿದ್ದರು. ಮಲೇರಿಯಾ ಮತ್ತೆ ಮತ್ತೆ ಬಂದರೆ ಗುಲ್ಮ ಊದಿಕೊಂಡು ಕೈಗೆ ಸಿಗುತ್ತೆ. ಇದಕ್ಕೆ ನಮ್ಮ ಹಳಬರಲ್ಲಿ ಒಳ್ಳೆಯ ಪದ ಇದೆ: ಜ್ವರಗಡ್ಡೆ. ಅಂದರೆ ದೊಡ್ಡ ಮಕ್ಕಳ ಹೊಟ್ಟೆಯ ಗಡ್ಡೆಗೂ ಜ್ವರಕ್ಕೂ ಸಂಬಂಧ ಇದೆ ಅಂತ ಜನಕ್ಕೆ ಗೊತ್ತಿತ್ತು. ನಡುಗಿಸೋ ಚಳಿಜ್ವರವೂ ಗೊತ್ತಿತ್ತು. ಹಾಗಾದರೆ ಕೂಸಿನ ಜ್ವರ ಮಾತ್ರ ಯಾಕೆ ಹಲ್ಲಿನ ಲೆಕ್ಕಕ್ಕೆ ಹೋಯ್ತು?

ಇಲ್ಲೇ ಇರೋದು ವಿಷಯ. ಹಸುಗೂಸುಗಳಲ್ಲಿ ಮಲೇರಿಯಾ ದೊಡ್ಡವರ ಹಾಗೆ ನಡುಕ ಹುಟ್ಟಿಸೋದು ಕಡಿಮೆ. ಜ್ವರ, ಹಾಲು ಬಿಡೋದು, ವಾಂತಿ, ಬೇಧಿ, ಕಿರಿಕಿರಿ, ಜೋರಾದರೆ ಸೆಳೆತ. ಹಲ್ಲು ಬರುವಾಗ ಆಗುತ್ತೆ ಅಂತ ವಾಗ್ಭಟನಿಂದ ಲಂಡನ್ ಡಾಕ್ಟರವರೆಗೆ ಎಲ್ಲರೂ ಬರೆದ ಪಟ್ಟಿ ಇದೇ ತಾನೇ! ಜೊತೆಗೆ ಕಾಲವೂ ಸರಿಯಾಗಿ ಕೂಡಿಬರುತ್ತೆ. ಮಲೇರಿಯಾ ಇರೋ ಊರಿನಲ್ಲಿ ಹುಟ್ಟಿದ ಮಗುವಿಗೆ ಮೊದಲ ಕೆಲವು ತಿಂಗಳು ತಾಯಿಯಿಂದ ಬಂದ ಪ್ರತಿಕಾಯಗಳ ರಕ್ಷಣೆ ಇರುತ್ತೆ. ಆರು ತಿಂಗಳ ಹೊತ್ತಿಗೆ ಅದು ಕರಗಿಹೋಗುತ್ತೆ. ಇದು ಮಲೇರಿಯಾಗೆ ಮಾತ್ರ ಅಲ್ಲ, ಎಷ್ಟೋ ಸೋಂಕುಗಳಿಗೂ ಅನ್ವಯಿಸುತ್ತೆ.

ನಮ್ಮ ಕಡೆ ಆರನೇ ತಿಂಗಳಿಗೆ ಮಗುವನ್ನು ಕಳಸ ದಾಟಿ ಹೊರನಾಡಿಗೆ ಕರೆದುಕೊಂಡು ಹೋಗಿ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಅನ್ನಪ್ರಾಶನ ಮಾಡಿಸೋದು ರೂಢಿ. ನಮ್ಮ ಅಕ್ಕನ ಮಗನಿಗೂ ಅಲ್ಲೇ ಆಯ್ತು. ಆ ಒಂದು ತಿಂಗಳಲ್ಲಿ ಮಗುವಿನ ಜೀವನದಲ್ಲಿ ಏನೇನು ಬದಲಾಗುತ್ತೆ ನೋಡಿ. ಎದೆಹಾಲಿನ ಜೊತೆ ಹೊರಗಿನ ಅನ್ನ, ನೀರು, ರಾಗಿ ಸರಿ ಹೊಟ್ಟೆಗೆ ಹೋಗೋಕೆ ಶುರು. ಮಗು ಮಗುಚಿಕೊಂಡು, ತೆವಳಿ, ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕೋಕೆ ಶುರು. ತಾಯಿ ಕೊಟ್ಟ ರಕ್ಷಣೆ ಮುಗಿಯೋಕೆ ಶುರು. ಅದೇ ಹೊತ್ತಿಗೆ ಹಲ್ಲು! ಈ ನಾಲ್ಕರಲ್ಲಿ ಕಣ್ಣಿಗೆ ಎದ್ದು ಕಾಣೋದು, ಬೆರಳಿಗೆ ಸಿಗೋದು ಹಲ್ಲು ಒಂದೇ. ಪ್ರತಿಕಾಯ ಯಾರಿಗೆ ಕಾಣುತ್ತೆ? ಕುಡಿಯೋ ನೀರಿನ ಕ್ರಿಮಿ ಯಾರಿಗೆ ಕಾಣುತ್ತೆ? ಲಾಗ್ ಫೈಲ್‌ನಲ್ಲಿ ಕ್ರ್ಯಾಶ್ ಆದ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಇದ್ದರೆ ಅದೇ ಕಾರಣ ಅಂತ ಹೊಸಬರು ಹಾರಿಬೀಳ್ತಾರೆ. ಎರಡೂ ಒಂದೇ ಹೊತ್ತಿಗೆ ಆಗಿರೋದು ನಿಜ, ಒಂದರಿಂದ ಇನ್ನೊಂದು ಆಗಿದ್ದು ಅಂತೇನಿಲ್ಲ.

ಭಾರತಕ್ಕೆ ಸ್ವಾತಂತ್ರ್ಯ ಬಂದಾಗ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಅಂತ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು. ಮನೆಮನೆಗೆ ಬಂದು ಡಿಡಿಟಿ ಹೊಡೆದು ಗೋಡೆ ಮೇಲೆ ತಾರೀಕು ಬರೆದು ಹೋಗ್ತಿದ್ದವರು ಅಜ್ಜಿಗೆ ಚೆನ್ನಾಗಿ ನೆನಪಿದ್ದಾರೆ. 1965ರ ಹೊತ್ತಿಗೆ ದೇಶದಲ್ಲಿ ವರದಿಯಾದ ಪ್ರಕರಣ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. (1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು, ಅದು ಬೇರೆಯೇ ಕಥೆ.) ಅಜ್ಜಿಗೆ ಮಕ್ಕಳಾದದ್ದು ಈ ಡಿಡಿಟಿ ಕಾಲದಲ್ಲಿ. ಐದು ಮಕ್ಕಳಿಗೂ ಹಲ್ಲು ಬಂತು, ಐದೂ ಉಳಿದವು. "ಆಮೇಲಾಮೇಲೆ ಹಲ್ಲಿನ ಜ್ವರಕ್ಕೆ ಮಕ್ಕಳು ಹೋಗೋದು ಕಮ್ಮಿ ಆತು" ಅಂತ ಅವರೇ ಅಂದರು. ಅಂದವರು ಒಂದು ಗಳಿಗೆ ಸುಮ್ಮನಾದರು. ಡಿಡಿಟಿ ಹೊಡೆದದ್ದು ಸೊಳ್ಳೆಗೆ, ಹಲ್ಲಿಗಲ್ಲ.

ಹಾಗಾದರೆ ಹಲ್ಲು ಬರುವಾಗ ನಿಜವಾಗಿ ಏನಾಗುತ್ತೆ? ಇದನ್ನ ಸರಿಯಾಗಿ ಅಳೆದು ನೋಡಿದ್ದು ತೀರಾ ಇತ್ತೀಚೆಗೆ. 2000ದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 125 ಮಕ್ಕಳ ತಾಯ್ತಂದೆಯರಿಂದ ದಿನಾ ಜ್ವರ, ಲಕ್ಷಣ ಬರೆಸಿ, 475 ಹಲ್ಲು ಬಂದ ದಿನಗಳ ಜೊತೆ ತಾಳೆ ನೋಡಿದರು. ಹಲ್ಲು ಹೊರಬರೋ ನಾಲ್ಕು ದಿನ ಮೊದಲಿಂದ ಮೂರು ದಿನ ಆಮೇಲಿನವರೆಗೆ, ಒಟ್ಟು ಎಂಟು ದಿನ, ಕಚ್ಚೋದು, ಜೊಲ್ಲು, ಒಸಡು ಉಜ್ಜೋದು, ಕಿರಿಕಿರಿ, ಹೆಚ್ಚು ಹೊತ್ತು ಎಚ್ಚರವಾಗಿರೋದು, ಗಟ್ಟಿ ಆಹಾರ ಬೇಡ ಅನ್ನೋದು, ಮುಖದ ಮೇಲೆ ಗುಳ್ಳೆ, ಮೈ ಒಂಚೂರು ಬೆಚ್ಚಗಾಗೋದು, ಇಷ್ಟು ಸ್ವಲ್ಪ ಹೆಚ್ಚಾಗಿತ್ತು. 102 ಡಿಗ್ರಿ ದಾಟೋ ಜೋರು ಜ್ವರಕ್ಕೂ ಹಲ್ಲಿಗೂ ಸಂಬಂಧ ಸಿಗಲಿಲ್ಲ. ಬೇಧಿ, ವಾಂತಿ, ಕೆಮ್ಮಿಗೂ ಸಂಬಂಧ ಇಲ್ಲ. 2016ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಮುಖ್ಯವಾಗಿ ಉಳಿದದ್ದು ಮೂರೇ: ಒಸಡಿನ ಕಿರಿಕಿರಿ, ಹಠ, ಜೊಲ್ಲು.

ಮನೆಯಲ್ಲಿ ಚಿಕ್ಕ ಮಕ್ಕಳಿರೋರಿಗೆ ಇದರಿಂದ ಉಪಯೋಗ ಆಗೋ ನಾಲ್ಕು ಮಾತು. ಸಾಮಾನ್ಯವಾಗಿ ಆರರಿಂದ ಹತ್ತು ತಿಂಗಳೊಳಗೆ ಕೆಳಗಿನ ಮುಂದಿನ ಎರಡು ಹಲ್ಲು ಮೊದಲು ಬರ್ತವೆ. ಮೊದಲ ಗುರುತು ಅಂದರೆ ಜೊಲ್ಲು, ಮುಷ್ಟಿ ಕಚ್ಚೋದು, ಒಸಡು ಊದಿ ಕೆಂಪಾಗೋದು, ರಾತ್ರಿ ಹಠ. ಇದಕ್ಕೆ ಚೊಕ್ಕ ಕೈಯಿಂದ ಒಸಡು ಮೆಲ್ಲಗೆ ಒತ್ತೋದು, ತಣ್ಣೀರಲ್ಲಿ ಅದ್ದಿದ ಶುಭ್ರ ಬಟ್ಟೆ ಕಚ್ಚೋಕೆ ಕೊಡೋದು ಸಾಕು. ಒಸಡು ಮರಗಟ್ಟಿಸೋ ಬೆಂಜೊಕೇನ್ ಜೆಲ್ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನ ಹಚ್ಚಬೇಡಿ ಅಂತ ಅಮೆರಿಕದ ಔಷಧ ಇಲಾಖೆ 2018ರಲ್ಲಿ ಖಡಕ್ಕಾಗಿ ಹೇಳಿದೆ. ಜ್ವರ 100.4 ಡಿಗ್ರಿ ಮುಟ್ಟಿದರೆ ಅದು ಜ್ವರವೇ, ಹಲ್ಲಿನ ಮೇಲೆ ಹಾಕಿ ಕೂರಬೇಡಿ. ಮೂರು ತಿಂಗಳೊಳಗಿನ ಕೂಸಿಗಾದರೆ ಒಂದು ಗಂಟೆಯೂ ಕಾಯಬೇಡಿ. ಹಾಲು ಬಿಟ್ಟರೆ, ವಾಂತಿ-ಬೇಧಿ ಆದರೆ, ಮಗು ಮಂಕಾದರೆ ಥರ್ಮಾಮೀಟರ್ ಏನೇ ಹೇಳಲಿ, ಡಾಕ್ಟರ ಹತ್ತಿರ ಹೋಗಿ. ಹಲ್ಲು ಎಲ್ಲಿಗೂ ಓಡಿಹೋಗೋಲ್ಲ, ಆಮೇಲೆ ನೋಡಬಹುದು.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸಿದ್ದು ಒಂದು. ಲಂಡನ್ನಿನವರು ಹಲ್ಲಿಗೆ ಅಂತ ಪಾದರಸ ಕೊಟ್ಟು ಮಕ್ಕಳನ್ನು ಕಳಕೊಂಡರು. ನಮ್ಮವರು ಹಲ್ಲು ತಾನೇ ಅಂತ ಕಾದು ಕಳಕೊಂಡರು. ಒಬ್ಬರು ಅತಿಯಾಗಿ ಮಾಡಿದರು, ಇನ್ನೊಬ್ಬರು ಏನೂ ಮಾಡಲಿಲ್ಲ. ಇಬ್ಬರನ್ನೂ ದಾರಿ ತಪ್ಪಿಸಿದ್ದು ಒಂದೇ: ಕಾಯಿಲೆಗೆ ಒಂದು ಹೆಸರು ಸಿಕ್ಕಿಬಿಟ್ಟರೆ ಹುಡುಕೋದು ನಿಂತುಹೋಗುತ್ತೆ.

ಹೊರಡೋ ಹಿಂದಿನ ದಿನ ಅಜ್ಜಿಗೆ ಇದನ್ನೆಲ್ಲ ಹೇಳಲೋ ಬೇಡವೋ ಅಂತ ತುಂಬಾ ಯೋಚನೆ ಮಾಡಿದೆ. ಎಂಬತ್ತು ವರ್ಷದ ಹಿಂದಿನ ಗಾಯ, ಈಗ ಕೆದಕಿ ಏನು ಪ್ರಯೋಜನ? ಕೊನೆಗೆ, "ಅಜ್ಜಿ, ನಿಮ್ಮ ತಮ್ಮನಿಗೆ ಬಂದದ್ದು ಮಲೇರಿಯಾ ಇರಬೇಕು, ಹಲ್ಲಿಂದಲ್ಲ" ಅಂತಷ್ಟೇ ಅಂದೆ. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಮ್ಮಮ್ಮ ಸಾಯೋವರೆಗೂ ಒಂದು ಮಾತು ಹೇಳೋಳು ಕಣೋ, ಆ ಮಗುಗೆ ಹಲ್ಲು ಬೇಗ ಬರಲಿ ಅಂತ ನಾನೇ ದೇವರಿಗೆ ಹೇಳ್ಕೊಂಡಿದ್ದೆ, ನಾನೇ ತಪ್ಪು ಮಾಡ್ದೆ ಅಂತ. ಅವಳಿಗೆ ಯಾರಾದ್ರೂ ಇದನ್ನ ಹೇಳ್ಬೇಕಿತ್ತು."

ನಿಮ್ಮ ಮನೆಯ ಹಿರಿಯರ ಹತ್ತಿರ ಒಂದು ಸಲ ಕೇಳಿ ನೋಡಿ. ಹಲ್ಲಿನ ಜ್ವರಕ್ಕೆ ಹೋದ ಮಗು ಎಷ್ಟೋ ಮನೆಗಳಲ್ಲಿ ಇರಬಹುದು, ಯಾರೂ ಹೇಳಿರಲ್ಲ ಅಷ್ಟೇ. ನಮ್ಮ ಮನೆಯ ಆ ಮಗುವಿಗೆ ಹೆಸರೂ ಇತ್ತಂತೆ. ಅದನ್ನ ಅಜ್ಜಿ ನನಗೊಬ್ಬನಿಗೇ ಹೇಳಿದ್ದಾರೆ, ಇಲ್ಲಿ ಬರೆಯಲ್ಲ.